ಅವನು ಒಳಗೆ ಬರುವವರೆಗೆ

ಇಂದು ಮೊಬೈಲಿನ ನೇರಪ್ರಸಾರದಲ್ಲಿ ಗಗನಯಾತ್ರಿಯೊಬ್ಬ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಂದ. ಅವನ ಏದುಸಿರು ಕೇಳಿ ನನ್ನ ಕೈಯ ಕಸಬರಿಗೆ ನಿಂತಿತು.

ನಾನು ಸಣ್ಣವಳಿದ್ದಾಗ, ಬಂದರಿನ ಪಕ್ಕದ ಸಡಾದ ನಮ್ಮ ತಗಡಿನ ಮನೆಯಲ್ಲಿ ಕಾಕಾ ಹಳೆಯ ಸ್ಕ್ಯಾನರ್ ರೇಡಿಯೊ ತಿರುವುತ್ತಾ ಹಡಗಿನವರ ಮಾತು ಕೇಳುತ್ತಿದ್ದ. ಒಂದು ಸಂಜೆ ಅದರಲ್ಲಿ ಅರ್ಥವಾಗದ ಭಾಷೆ, ನಡುವೆ ಏದುಸಿರು.

"ಪೇಪರಿನ್ಯಾಗ ಬಂದಿತ್ತಲ್ಲ ವೈನಿ, ಬಾಹ್ಯಾಕಾಶ ನಿಲ್ದಾಣದವ್ರು ಹೊರಗ ಬಂದು ರಿಪೇರಿ ಮಾಡಾಕತ್ತಾರ," ಅಂದ. ಅಷ್ಟರಲ್ಲಿ ದನಿ ಕರಗಿ ಬರೀ ಗೊರಗೊರ ಉಳಿಯಿತು.

ಕಸ ಗುಡಿಸಲು ಬಗ್ಗಿದ್ದ ಅವ್ವ ನೆಟ್ಟಗಾದಳು. "ಏನಾತು ಅವಂಗ?"

"ನಮ್ಮ ಆಕಾಶ ದಾಟಿ ಹೋದ್ರು. ಸುತ್ತು ಹಾಕಿ ಬಂದ್ರ ಮತ್ತ ಕೇಳಸ್ತೈತಿ."

ಹಗ್ಗಕ್ಕೆ ಜೋತುಬಿದ್ದು ಹಡಗಿಗೆ ಬಣ್ಣ ಬಳಿಯುತ್ತಿದ್ದ ಅಪ್ಪ ಮರಳುವವರೆಗೆ, ಹೊರಗೆ ಹೋದವರಿಗೆ ಕೇಡಾಗುತ್ತದೆಂದು, ಅವ್ವ ಎಂದೂ ಕಸ ಗುಡಿಸುತ್ತಿರಲಿಲ್ಲ. ಅಂದು ಅಪ್ಪ ಬಂದು ಸ್ನಾನಕ್ಕೆ ಹೋಗಿದ್ದ. ಗುಡಿಸಿದ ಮೇಲೇ ದೀಪ ಹಚ್ಚಬೇಕು, ಹೊತ್ತು ಮೀರುತ್ತಿತ್ತು. ಆದರೂ ಕಸಬರಿಗೆ ಮೂಲೆಗಿಟ್ಟಳು.

"ಅವನ ಮನಿಯವ್ರಿಗೆ ಇದು ಗೊತ್ತಿರಾಕಿಲ್ಲ. ನಾವರ ತಡಿಯೋಣು."

ಕತ್ತಲಲ್ಲಿ ಎಲ್ಲರೂ ರೇಡಿಯೊ ಸುತ್ತ ಕೂತೆವು. ಬಹಳ ಹೊತ್ತಿನ ಮೇಲೆ ಗೊರಗೊರದೊಳಗಿಂದ ಅದೇ ಏದುಸಿರು ಬಂತು. ಅವ್ವ ಎದ್ದು ದೀಪ ಹಚ್ಚಿದಳು. ಕಸ ಮಾತ್ರ ಮುಟ್ಟಲಿಲ್ಲ.

"ಯವ್ವಾ, ಕಸ ಯಾಕ ಅರ್ಧಾ ಬಿಟ್ಟಿ?" ಎಂದು ಈಗ ನನ್ನ ಮಗಳು ಕೇಳುತ್ತಿದ್ದಾಳೆ.

"ಅವಾ ಇನ್ನೂ ಹೊರಗದಾನ."