ಗುಲಾಬಿ ಬಸ್ಸಿನ ದಿಬ್ಬಣ

ದಿಬ್ಬಣದ ಬಸ್ಸಿನಲ್ಲಿ ಮದುಮಗನ ಅಪ್ಪನ ಬಳಿಯೇ ಟಿಕೆಟ್ ಕೇಳಿದ ಕಂಡಕ್ಟರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ಕಂಡೆ. ಕಳೆದ ಸೋಮವಾರ, ಇನ್ನಂಜೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ. ಮದುಮಗ ನನ್ನ ಅಕ್ಕನ ಮಗ. ಅವನು ಹೂವಿನ ಕಾರಿನಲ್ಲಿ ಮುಂದೆ ಹೋಗಿದ್ದ. ನಾವೆಲ್ಲ ಬಸ್ಸಿನಲ್ಲಿದ್ದೆವು. ಮುಂದಿನ ಸೀಟಿನಲ್ಲಿ ಭಾವ. ಜರಿಯಂಚಿನ ಪಂಚೆ, ಹೆಗಲ ಮೇಲೆ ಶಲ್ಯ, ಮುಖದಲ್ಲಿ ಊರಿಗೆಲ್ಲ ಊಟ ಹಾಕಿಸುವವರ ಗತ್ತು. ಅವರ ಮುಂದೆ ಬೆರಳ ಸಂದಿಯಲ್ಲಿ ನೋಟು ಸಿಕ್ಕಿಸಿಕೊಂಡು ನಿಂತ ಕಂಡಕ್ಟರ್ ವಸಂತ, "ನಿಮಗೆ ಎಲ್ಲಿಗೆ?" ಎಂದು ಕೇಳಿದ.

ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ, "ಮದುವೆಗೆ" ಎಂದರು.

ಇದಕ್ಕೆ ಸ್ವಲ್ಪ ಚರಿತ್ರೆ ಉಂಟು. ಗುಲಾಬಿ ಮೋಟಾರ್ಸ್ ಎಂದರೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. (ಬಸ್ಸಿನ ಬಣ್ಣ ಹಸಿರು. ಗುಲಾಬಿ ಎಂಬುದು ಕಂಪೆನಿ ಶುರು ಮಾಡಿದ ಅಜ್ಜನ ತಾಯಿಯ ಹೆಸರು.) ಅಜ್ಜ ಮೊದಲು ಮರದ ಲಾರಿ ಓಡಿಸುತ್ತಿದ್ದವರು. ಯಾರೋ ಗುಜರಿಗೆ ಹಾಕಲು ಇಟ್ಟಿದ್ದ ವ್ಯಾನೊಂದನ್ನು ಕೊಂಡು, ಉಜ್ಜಿ, ಬಣ್ಣ ಬಳಿದು, ಕಾಪುವಿನಿಂದ ಶಿರ್ವಕ್ಕೆ ಓಡಿಸಿದರು. ಬೀಡಿ ಕಟ್ಟುವ ಹೆಂಗಸರು, ಶಂಕರಪುರಕ್ಕೆ ಮಲ್ಲಿಗೆ ಒಯ್ಯುವವರು, ಶಾಲೆಯ ಮೇಷ್ಟ್ರುಗಳು ಎಲ್ಲರಿಗೂ ಅದೇ ಗತಿ. ಆಮೇಲೆ ವ್ಯಾನು ಹೋಗಿ ಬಸ್ಸು ಬಂತು. ದಿನಾ ಓಡುವ ಲೈನು ಕಾರ್ಕಳದ ತನಕ ಬೆಳೆಯಿತು. ಇನ್ನೊಂದು ಬಸ್ಸು ಮಣಿಪಾಲಕ್ಕೆ ಪಾಳಿಗೆ ಹೋಗುವ ನರ್ಸುಗಳನ್ನು ಹೊತ್ತಿತು. ರಜೆಯ ದಿನ, ಮುಹೂರ್ತದ ದಿನ ಟ್ರಿಪ್ಪು: ಇಗರ್ಜಿಯ ಕ್ರೈಸ್ತರ ಪಿಕ್ನಿಕ್ಕು, ಶಾಲೆಯವರ ಪ್ರವಾಸ, ಯಾರದೋ ಮದುವೆ. ಲೈನಿನ ನಷ್ಟವನ್ನು ಟ್ರಿಪ್ಪು ತುಂಬಿಸುತ್ತಿತ್ತು. ಲೈನಿನಲ್ಲಿ ಮುಖಪರಿಚಯವಾದವರೇ ಟ್ರಿಪ್ಪಿಗೆ ಕರೆಯುತ್ತಿದ್ದರು.

ಅಜ್ಜನ ಕಾನೂನು ಒಂದೇ. ಕೈ ತೋರಿಸಿದವರನ್ನು ಬಿಟ್ಟು ಹೋಗಬಾರದು.

ಈಗ ಉಳಿದಿರುವುದು ಒಂದೇ ಬಸ್ಸು. ಮನೆಮನೆಗೆ ಸ್ಕೂಟರ್ ಬಂದಿದೆ, ಕಾಲೇಜುಗಳಿಗೆ ಅವರವರದೇ ಬಸ್ಸು ಬಂದಿದೆ. ಅಜ್ಜನ ಮೊಮ್ಮಗ ಸುಧಾಕರಣ್ಣನೇ ಮಾಲೀಕ, ಅವನೇ ಡ್ರೈವರ್, ಸಂಜೆ ಬಸ್ಸು ತೊಳೆಯುವವನೂ ಅವನೇ. ಮೊನ್ನೆ ಮೊನ್ನೆ ಅವನು ಗಟ್ಟಿ ಮನಸ್ಸು ಮಾಡಿದ: ಲೈನು ಬಿಡುವುದು, ಇನ್ನು ಬರೀ ಟ್ರಿಪ್ಪು. ಲೈನಿನವರಿಗೆ ಇನ್ನೂ ಹೇಳಿರಲಿಲ್ಲ, ಅಷ್ಟೆ. ಸೀಟಿಗೆ ಹೊಸ ರೆಕ್ಸಿನ್, ಕಿಟಕಿಗೆ ಪರದೆ, ಹಾಡಿನ ಪೆಟ್ಟಿಗೆ ಎಲ್ಲ ಬಂತು. ಈ ಹೊಸ ವೇಷದಲ್ಲಿ ಮೊದಲ ಟ್ರಿಪ್ಪೇ ನಮ್ಮ ದಿಬ್ಬಣ. ಗಲ್ಫಿನಲ್ಲಿ ದುಡಿದು ಬಂದ ಭಾವನಿಗೆ ನೂರಾರು ಜನರ ಪರಿಚಯ. "ಚೆನ್ನಾಗಿ ಮಾಡು, ನಾಲ್ಕು ಜನರಿಗೆ ಹೇಳ್ತೇನೆ" ಎಂದಿದ್ದರು. ಸುಧಾಕರಣ್ಣ ಅವತ್ತು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಪಾಪ, ಅವನ ಮುಂದಿನ ಬದುಕೇ ಆ ಟ್ರಿಪ್ಪಿನ ಮೇಲೆ ನಿಂತಿತ್ತು.

ಬಸ್ಸಿನ ಮುಂದೆ 'ವಿಶೇಷ' ಎಂಬ ಬೋರ್ಡು ಇತ್ತು. ಆದರೆ ದಿನಾ ಬರುವ ಬಸ್ಸು, ದಿನಾ ಬರುವ ಹೊತ್ತಿಗೆ, ದಿನಾ ಬರುವ ರಸ್ತೆಯಲ್ಲಿ ಬಂದರೆ ಬೋರ್ಡು ಓದುವವರು ಯಾರು? ಶಂಕರಪುರದಲ್ಲಿ ಲಿಲ್ಲಿ ಬಾಯಿ ಕೈ ತೋರಿಸಿದರು. ಕಾರ್ಕಳದ ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿರುವವರು. ಬಸ್ಸು ನಿಂತಿತು. ವಸಂತ ಬಾಗಿಲು ತೆರೆದ, ಅವರು ಹತ್ತಿದರು, ವಿಶಲ್ ಆಯಿತು, ಬಸ್ಸು ಹೊರಟಿತು.

ಬಾಗಿಲ ಪಕ್ಕದಲ್ಲೇ ಮಲ್ಲಿಗೆಯ ಬುಟ್ಟಿ ಹಿಡಿದು ಅಕ್ಕ ಕೂತಿದ್ದಳು. ಹತ್ತಿದ ಹೆಂಗಸರಿಗೆಲ್ಲ ಹೂ ಕೊಡುವುದು ಅವಳ ಕೆಲಸ. ಕೊಟ್ಟಳು. ಮುಂದಿನ ಸ್ಟಾಪಿನಲ್ಲಿ ಟೀಚರೊಬ್ಬರು ಹತ್ತಿದರು, ಅವರಿಗೂ ಕೊಟ್ಟಳು. ಶಿರ್ವದಲ್ಲಿ ಆರೇಳು ಜನ. ಯಾರೂ ಸಂಶಯಪಡಲಿಲ್ಲ. ನಾವು ಅವರನ್ನು ಭಾವನ ಕಡೆಯವರು ಎಂದುಕೊಂಡೆವು. ಭಾವನ ಕಡೆಯವರು ನಮ್ಮ ಕಡೆಯವರು ಎಂದುಕೊಂಡರು. (ಯಾವ ಮದುವೆಯಲ್ಲಿ ಹಾಗಾಗುವುದಿಲ್ಲ ಹೇಳಿ.) ಹತ್ತಿದವರಾದರೂ ಏನಾದರೂ ಕೇಳಬಾರದಿತ್ತೇ? ಹೊಸ ಸೀಟು, ಪರದೆ, ಮಲ್ಲಿಗೆ ಎಲ್ಲ ಕಂಡು, ಸುಧಾಕರಣ್ಣ ಬಸ್ಸಿಗೆ ಪೂಜೆ ಮಾಡಿಸಿದ್ದಾನೆ ಎಂದುಕೊಂಡರಂತೆ.

ಬಸ್ಸು ತುಂಬಿದ್ದು ಕಂಡದ್ದೇ ವಸಂತನ ಕೈ ತಡೆಯಲಿಲ್ಲ. ಮುಂದಿನಿಂದ ಟಿಕೆಟ್ ಶುರು ಮಾಡಿಬಿಟ್ಟ.

"ಸುಧಾಕರ, ಇದು ದಿಬ್ಬಣವಾ, ಸರ್ವಿಸ್ ಬಸ್ಸಾ?" ಭಾವನ ಸ್ವರ ಹಿಂದಿನ ಸೀಟಿನವರೆಗೂ ಕೇಳಿಸಿತು.

ಸುಧಾಕರಣ್ಣ ಬಸ್ಸನ್ನು ಬದಿಗೆ ಹಾಕಿದ. ಸೀಟಿನಿಂದ ಎದ್ದು ಕೈ ಮುಗಿದ.

"ತಪ್ಪಾಯ್ತು ಯಜಮಾನ್ರೆ. ಕೈ ಕಂಡ ಕೂಡ್ಲೇ ಕಾಲು ಬ್ರೇಕ್ ಒತ್ತಿತು. ಅಭ್ಯಾಸ."

ಲಿಲ್ಲಿ ಬಾಯಿಗೆ ಆಗಲೇ ವಿಷಯ ತಿಳಿದದ್ದು. ನಾಚಿಕೊಂಡು ಎದ್ದು ನಿಂತರು. "ನಮಗೆ ಗೊತ್ತಾಗ್ಲಿಲ್ಲ. ನಾವು ಇಲ್ಲೇ ಇಳಿತೇವೆ" ಎನ್ನುತ್ತ ಮುಡಿಯಿಂದ ಮಲ್ಲಿಗೆ ತೆಗೆಯಲು ಕೈ ಹಾಕಿದರು.

ಅಕ್ಕ ಅವರ ಕೈ ಹಿಡಿದಳು. "ಕೂತ್ಕೊಳ್ಳಿ ಬಾಯಿ. ಹೂ ಮುಡಿದಾಯ್ತಲ್ಲ. ಮದುವೆಯ ಹೂ ಕೊಟ್ಟು ದಾರಿಯಲ್ಲಿ ಇಳಿಸುವ ಕ್ರಮ ನಮ್ಮಲ್ಲಿಲ್ಲ." ಮತ್ತೆ ಭಾವನ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಉಂಟಾ?" ಎಂದಳು.

ಮದುಮಗನ ಅಪ್ಪನೇ ಇರಲಿ, ದೇಶಕ್ಕೆ ಮಂತ್ರಿಯೇ ಇರಲಿ, ಈ ಪ್ರಶ್ನೆಗೆ ಯಾವ ಗಂಡಸು ಉತ್ತರ ಕೊಟ್ಟಾನು? ಭಾವ ಗಡಿಯಾರ ನೋಡಿದರು, ಕಿಟಕಿಯ ಹೊರಗೆ ನೋಡಿದರು, "ಹೊರಡು" ಎಂದರು.

ಬಸ್ಸು ಹೊರಟಿತು. ಲಿಲ್ಲಿ ಬಾಯಿ ಮುಡಿಯ ಹೂ ಸರಿಮಾಡಿಕೊಂಡು ಮಾತು ಶುರು ಮಾಡಿದರು.

"ನನ್ನ ಮದುವೆಗೂ ಇದೇ ಬಸ್ಸು. ಅಂದ್ರೆ, ಇದರ ಅಜ್ಜಿ ಬಸ್ಸು. ಅವತ್ತು ಸಹ ದಾರಿಯಲ್ಲಿ ಯಾರ್ಯಾರೋ ಹತ್ತಿದ್ರು. ಇಗರ್ಜಿಯಲ್ಲಿ ಇಳಿದು ನೋಡಿದ್ರೆ ನಮ್ಮವರಿಗಿಂತ ಅವರೇ ಜಾಸ್ತಿ. ಕೇಕ್ ಸಾಕಾಗ್ಲಿಲ್ಲ ಮಾರಾಯ್ರೆ."

ಮೊದಲು ನಕ್ಕದ್ದು ಯಾರು ಎಂದುಕೊಂಡಿರಿ? ಭಾವ. ನಕ್ಕು ನಕ್ಕು ಶಲ್ಯ ಜಾರಿತು. ಆಮೇಲೆ ಅವರೂ ಶುರು ಮಾಡಿದರು. ಮೊದಲ ಸಲ ಗಲ್ಫಿಗೆ ಹೊರಟ ದಿನ ಅವರಮ್ಮ ಇನ್ನೂ ಉಪ್ಪಿನಕಾಯಿ ಕಟ್ಟುತ್ತಿದ್ದರಂತೆ. ಅಜ್ಜ ಬಸ್ಸನ್ನು ಮನೆಯ ಗೇಟಿನೆದುರು ನಿಲ್ಲಿಸಿ, ಇಡೀ ಬಸ್ಸಿನ ಜನರೊಂದಿಗೆ ಕಾದರಂತೆ. "ಒಬ್ಬರೂ ಗೊಣಗ್ಲಿಲ್ಲ. ಭರಣಿ ಭದ್ರ ಮುಚ್ಚಿದ್ದೀರಾ ಅಂತ ಕೇಳಿದ್ರು" ಎಂದು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಮ್ಮ ಮನೆಯಲ್ಲಿ ಯಾರೂ ಕೇಳಿರದ ಕತೆ ಅದು.

ಬೆಳ್ಮಣ್ಣಿನ ಹತ್ತಿರ ಯಾರೋ ಓಡೋಡಿ ಬರುವುದು ಕಾಣಿಸಿತು. ಸುಧಾಕರಣ್ಣ ಈ ಸಲ ಹಲ್ಲು ಕಚ್ಚಿ ಮುಂದೆ ಹೋಗುವವನಿದ್ದ.

"ಏಯ್ ಸುಧಾಕರ, ಅಲ್ಲೊಬ್ಬರು ಕೈ ತೋರಿಸ್ತಾ ಇದ್ದಾರೆ" ಎಂದರು ಭಾವ. "ನಿಲ್ಲಿಸು ಮಾರಾಯ."

ನಾನು ಎಷ್ಟೋ ದಿಬ್ಬಣಗಳಲ್ಲಿ ಹೋಗಿದ್ದೇನೆ. ಏಸಿ ಬಸ್ಸಿನಲ್ಲಿ, ಎಲ್ಲರೂ ಮೊಬೈಲ್ ನೋಡುತ್ತ, ಸ್ವಂತ ಚಿಕ್ಕಮ್ಮನ ಜೊತೆಗೂ ಮಾತಿಲ್ಲದೆ. ಇಷ್ಟು ಖುಷಿಯ ದಿಬ್ಬಣ ಕಂಡಿರಲಿಲ್ಲ. ಟೀಚರು ಹಾಡಿದರು. ಟೀಚರಿಗೆ ಹಾಡು ಬರುತ್ತದೆಂದು ದಿನಾ ಅವರ ಪಕ್ಕ ಕೂರುವ ಲಿಲ್ಲಿ ಬಾಯಿಗೂ ಗೊತ್ತಿರಲಿಲ್ಲವಂತೆ. ಮುಹೂರ್ತಕ್ಕೆ ತಡವಾಯಿತೇ? ಎಲ್ಲಿಯ ತಡ? ನಮ್ಮ ಕಡೆಯ ಬಸ್ಸಿನವರಿಗೆ ಹೊತ್ತು ಹಿಂದಿಕ್ಕುವುದನ್ನು ಯಾರಾದರೂ ಕಲಿಸಬೇಕೇ? ಹುಡುಗಿಯ ಕಡೆಯವರು ಪನ್ನೀರು ಹಿಡಿದು ಬರುವ ಮೊದಲೇ ನಾವು ಕಾರ್ಕಳದ ಹಾಲ್ ಮುಂದೆ ಇಳಿದಾಗಿತ್ತು.

ಆದರೆ ದಾರಿಯಲ್ಲಿ ನಾನು ಒಂದು ವಿಷಯ ಗಮನಿಸಿದ್ದೆ. ಲೈನಿನವರಲ್ಲಿ ಇಳಿಯುವ ಪ್ರತಿಯೊಬ್ಬರೂ ಸುಧಾಕರಣ್ಣನ ಹತ್ತಿರ ಒಂದೇ ಮಾತು ಕೇಳುತ್ತಿದ್ದರು. "ನಾಳೆ ಉಂಟಲ್ಲ?"

ಅವನು ಸ್ಟೇರಿಂಗ್ ನೋಡುತ್ತ ಹೇಳುತ್ತಿದ್ದ. "ಉಂಟು."

ಮಧ್ಯಾಹ್ನ ಊಟಕ್ಕೆ ಲಿಲ್ಲಿ ಬಾಯಿಯೂ ಅಂಗಡಿಯಿಂದ ಬಂದರು. (ಭಾವನೇ ಕರೆದಿದ್ದರು.) ಸುಧಾಕರಣ್ಣ ನನ್ನ ಪಕ್ಕದ ಎಲೆಯಲ್ಲಿ ಕೂತ. ಭಾವ ಆಗಲೇ ಅವನಿಗೆ ಮೂರು ಮದುವೆಯ ಟ್ರಿಪ್ಪು ಮಾತಾಡಿಕೊಟ್ಟಿದ್ದರು. ಆದರೂ ಅವನು ಹೋಳಿಗೆ ಮುಟ್ಟಿರಲಿಲ್ಲ.

"ಎಂತ ಸುಧಾಕರಣ್ಣ, ಲೈನ್ ಬಿಡುವ ವಿಷಯ ಎಂತಾಯ್ತು?" ಎಂದೆ.

"ಬಿಡುವುದೇ ಅಕ್ಕ. ಲೆಕ್ಕ ಹಾಕಿ ಆಗಿದೆ" ಎಂದ. ಸ್ವಲ್ಪ ಹೊತ್ತು ಅನ್ನ ಕಲಸಿದ. "ಆದ್ರೆ ಅವರಿಗೆ ಹೇಳುವುದು ಹೇಗೆ? ಮುಖ ನೋಡಿದ್ರೆ ಬಾಯಿಗೆ ಬರುವುದು ಉಂಟು ಅಂತಲೇ. ನೀವು ಪೇಪರಿನಲ್ಲಿ ಬರೆಯುವವರಲ್ವಾ? ಗುಲಾಬಿ ಇನ್ನು ಲೈನಿಗೆ ಇಲ್ಲ ಅಂತ ಒಂದು ಸಾಲು ಬರೆದು ಬಿಡಿ. ಎಲ್ಲರೂ ಓದ್ತಾರೆ. ಅದು ಪೇಪರಿನಲ್ಲಿ ಬರುವವರೆಗೆ ನಾನು ಓಡಿಸ್ತೇನೆ."

ಆಯಿತು ಎಂದು ಮಾತು ಕೊಟ್ಟೆ. ಈ ವಾರ ಬರೆಯಲು ಕೂತದ್ದೂ ಆ ಒಂದು ಸಾಲಿಗಾಗಿಯೇ.

ಏನು ಮಾಡುವುದು, ಅಂಕಣದ ಜಾಗ ಮುಗಿಯಿತು.