ಎರಡನೆಯ ಮೀನು

ನಿಜಾಮರ ಕಾಲದಲ್ಲಿ, ಅಫಜಲಪುರದ ಬಳಿ ಭೀಮೆಯ ದಡದಲ್ಲಿ, ನಮ್ಮ ನೆರೆಮನೆಯವನೊಬ್ಬ ಸಂಜೆ ಗಾಳ ಹಾಕುತ್ತಿದ್ದ. ಸಿಕ್ಕ ಮೊದಲ ಮೀನನ್ನು ಕಣ್ಣಿಗೊತ್ತಿಕೊಂಡು ನೀರಿಗೇ ಬಿಡುತ್ತಿದ್ದ. "ಮೊದಲಿಂದು ಗಂಗವ್ವಂದ್ರಿ, ಎರಡನೇದು ನಮ್ದು" ಎನ್ನುತ್ತಿದ್ದ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಹೊಳೆ ಬತ್ತಿ ಮಡುಗಳಷ್ಟೇ ಉಳಿದವು. ಸಂಜೆಗೆ ಒಂದೇ ಮೀನು ಬೀಳುತ್ತಿತ್ತು. ಅದೂ ಗಂಗವ್ವನ ಪಾಲಾಗುತ್ತಿತ್ತು. ಹಾಸಿಗೆ ಹಿಡಿದಿದ್ದ ಅವನ ಹೆಂಡತಿ ಮೀನಿನ ಸಾರು ಬೇಡುತ್ತಿದ್ದಳು.

"ಇವತ್ತೊಂದಿನ ಒಯ್ಯಪಾ" ಎಂದೆ.

"ಹೆಂಡ್ತಿ ಜೀವ ಗಂಗವ್ವನ ಕೈಯಾಗ ಅದರಿ. ಗಂಗವ್ವನ ಪಾಲು ಹ್ಯಾಂಗ ಕದೀಲಿ?"

ಹೆಂಡತಿಯನ್ನು ಮಣ್ಣು ಮಾಡಿದ ಮರುವಾರ ಒಂದೇ ಸಂಜೆ ಎರಡು ಬಾಳೆಮೀನು ಬಿದ್ದವು. ಮೊದಲನೆಯದನ್ನು ಕಣ್ಣಿಗೊತ್ತಿಕೊಳ್ಳದೆ ಬಿಟ್ಟ. ಎರಡನೆಯದನ್ನು ಅದು ಸಾಯುವವರೆಗೂ ಕೈಯಲ್ಲೇ ಹಿಡಿದು ಕೂತ.

"ನಮ್ದು ಅನ್ನಾಕ ಇನ್ನ ಯಾರ್ ಅದಾರ್ರಿ" ಎಂದು ಅದನ್ನೂ ನೀರಿಗೆ ಹಾಕಿದ.