ದುರಗವ್ವನ ಮಗ್ನೇಶಪ್ಪ

ಹಮ್ಮಿಗಿಯ ದುರಗವ್ವ ಹೊಳೆದಂಡೆಯಲ್ಲಿ ನಿಂತು ಕೂಗಿದರೆ ಆಚೆ ದಡದ ಹರಿಗೋಲಿನವನು ಕೇಳಿಸಿಕೊಂಡು ಹುಟ್ಟು ಎತ್ತಿಕೊಳ್ಳುತ್ತಿದ್ದ. ಈಚೆ ದಡ ಮುಂಬಯಿ ಸರಕಾರದ್ದು, ಆಚೆ ದಡ ಮದ್ರಾಸಿನದು. ನಡುವಿನ ತುಂಗಭದ್ರೆ ಯಾರದೆಂದು ಯಾರಾದರೂ ಕೇಳಿದರೆ, "ನಂದು. ದಿನಾ ಅರಿವಿ ಒಗಿಯಾಕಿ ನಾನs ಅಲ್ಲೇನು?" ಅನ್ನುತ್ತಿದ್ದಳು.

ಡಾಕ್ಟರರ ಮೇಲೆ ಅವಳಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಶುಂಠಿ, ಅಜವಾನ, ಇಂಗು, ಇವುಗಳಿಗೆ ಬಗ್ಗದ ಬೇನೆ ಹಮ್ಮಿಗಿಗೆ ಇನ್ನೂ ಬಂದಿಲ್ಲವೆಂದೇ ಅವಳ ವಾದ. ಹೀಗಾಗಿ, ಸ್ವಾತಂತ್ರ್ಯ ಬಂದ ಮರುವರ್ಷ ತುಂಬು ಬಸುರಿಯಾಗಿದ್ದ ಸೊಸೆ ಮಂಜವ್ವನ ಕಾಲು, ಮುಖ ಊದಿಕೊಂಡಾಗ ದುರಗವ್ವ ಹಿಗ್ಗಿದಳೇ ಹೊರತು ಹೆದರಲಿಲ್ಲ.

"ಮೈ ಹಿಡದೈತಿ ಬಿಡು. ಒಳಗಿರೂದು ಗಟ್ಟಿ ಕೂಸು."

"ಹಂಗಲ್ರಿ ಅತ್ತಿ, ತಲಿ ಸಿಡಿಯಾಕ ಹತ್ತೈತಿ. ಕಣ್ಣ ಮುಂದ ಕಿಡಿ ಹಾರಿದಂಗ ಆಗತೈತಿ" ಎಂದಳು ಮಂಜವ್ವ.

ದುರಗವ್ವ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿದಳು. ಮರುದಿನ ಬೆಳಿಗ್ಗೆ ಮಂಜವ್ವ ಒಲೆಯ ಮುಂದೆ ಕುಳಿತಲ್ಲೇ ಬಿದ್ದಳು. ಹಲ್ಲು ಕಚ್ಚಿಕೊಂಡವು, ಕೈಕಾಲು ಸೆಟೆದುಕೊಂಡು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಓಡಿ ಬಂದ ನೆರೆಯ ಅಂದಪ್ಪ ಗಾಳಿ ಸೋಕಿದೆ, ನಿಂಬೆಹಣ್ಣು ತರ್ರಿ ಎಂದ. ದುರಗವ್ವನ ಮಗ ಹೊಳೆಯಪ್ಪ ಯಾವತ್ತೂ ತಾಯಿಯ ಮಾತಿಗೆ ಎದುರಾಡಿದವನಲ್ಲ. ಅವತ್ತು ಮಾತ್ರ ಯಾರ ಮಾತನ್ನೂ ಕೇಳದೆ ಎತ್ತು ಹೂಡಿದ.

"ಯವ್ವಾ, ಗಾಡಿ ಹತ್ತು. ಮುಂಡರಗಿಗೆ ಹೋಗೂಣು."

ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದುರಗವ್ವ ಕುಳಿತಳು. ದಾರಿಯಲ್ಲಿ ಇನ್ನೊಮ್ಮೆ ಸೆಟೆತ ಬಂತು. ತಾನು ಹಿಗ್ಗಿದ್ದ ಆ ಊತವನ್ನು ನೋಡಿ ನೋಡಿ, ಎತ್ತು ಜೋರಾಗಿ ಹೊಡಿ ಎಂದು ಮಗನನ್ನು ಅವಸರಿಸಿದಳು.

ಮುಂಡರಗಿಯ ದವಾಖಾನೆಯಲ್ಲಿ ವಿರೂಪಾಕ್ಷಪ್ಪ ಡಾಕ್ಟರರಿದ್ದರು. ಬೆಟಗೇರಿಯ ವ್ಯಾಪಾರಸ್ಥರ ಮನೆತನದ, ನಗುಮುಖದ ಮನುಷ್ಯ. ಮಂಜವ್ವನನ್ನು ನೋಡಿದವರೇ ನಗು ಬಿಟ್ಟು, ನರ್ಸು ಅಮೃತವ್ವನಿಗೆ ಸೂಜಿ ಸಿದ್ಧ ಮಾಡಲು ಹೇಳಿದರು.

"ಬಸುರಿನ ನಂಜು ಮಿದುಳಿಗೆ ಏರೈತಿ ಯವ್ವಾ. ಅದಕ್ಕ ಈ ಸೆಟೆತ."

"ಸೂಜಿಯೊಳಗ ಏನೈತ್ರಿ?" ಎಂದಳು ದುರಗವ್ವ.

"ಮ್ಯಾಗ್ನೀಸಿಯಂ. ಒಂದು ನಮೂನಿ ಉಪ್ಪು. ನಿಮ್ಮ ಸಂತ್ಯಾಗ ಜುಲಾಬಿನ ಉಪ್ಪು ಸಿಗತೈತಲ್ಲ, ಅದs."

ದುರಗವ್ವನ ದನಿ ದವಾಖಾನೆಯ ಹಂಚು ಹಾರಿಸುವಂತೆ ಎದ್ದಿತು. "ನನ್ನ ಸೊಸಿ ಸಾಯಾಕ ಹತ್ಯಾಳ, ನೀವು ಜುಲಾಬು ಕೊಡ್ತೀರೇನ್ರಿ?"

ಡಾಕ್ಟರರು ಸಿಟ್ಟಾಗಲಿಲ್ಲ. ಸೂಜಿ ಚುಚ್ಚುತ್ತಲೇ, ಶುದ್ಧ ಮಾಡಿದ ಆ ಉಪ್ಪು ರಕ್ತಕ್ಕೆ ಇಳಿದರೆ ಕೆರಳಿದ ಮಿದುಳು ತಣ್ಣಗಾಗುತ್ತದೆ, ಸೆಟೆತ ನಿಲ್ಲುತ್ತದೆ ಎಂದು ತಿಳಿಸಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಪುಟ್ಟ ಸುತ್ತಿಗೆಯಿಂದ ಮಂಜವ್ವನ ಮೊಣಕಾಲಿಗೆ ಬಡಿದಾಗ ದುರಗವ್ವ ಮತ್ತೆ ಎದ್ದು ನಿಂತಳು.

"ಹೊಡೀತೀರೇನ್ರಿ ಮ್ಯಾಲ!"

"ಕಾಲು ಜಿಗೀತಲ್ಲ, ನೋಡ್ರಿ. ಹಿಂಗ ಜಿಗಿಯೂತನಕ ಔಷಧ ಹೆಚ್ಚಾಗಿಲ್ಲ ಅಂತ ಅರ್ಥ. ನೀವು ಇಲ್ಲೇ ಕುಂಡ್ರಿ. ಉಸಿರು ನಿಧಾನಾತು ಅನಸಿದ್ರ ನನ್ನ ಕರೀರಿ. ಅದಕ್ಕೂ ಬ್ಯಾರೆ ಸೂಜಿ ಐತಿ."

ದುರಗವ್ವ ಕುಳಿತಳು. ನೀರು ಕುಡಿಯಲೂ ಏಳದೆ ಸೊಸೆಯ ಎದೆ ಏರಿಳಿಯುವುದನ್ನೇ ನೋಡುತ್ತ, "ಮಗ್ನೇಶಪ್ಪಾ, ಕೈ ಬಿಡಬ್ಯಾಡಪ್ಪಾ" ಎಂದು ಗೊಣಗುತ್ತಿದ್ದಳು. ಮ್ಯಾಗ್ನೀಸಿಯಂ ಎಂಬ ಆ ಹೆಸರು ಅವಳ ಕಿವಿಗೆ ಯಾವುದೋ ದೇವರ ಹೆಸರಿನಂತೆಯೇ ಕೇಳಿಸಿತ್ತು. ಸೆಟೆತ ಮತ್ತೆ ಬರಲಿಲ್ಲ. ಹೊತ್ತು ಮುಳುಗುವ ಮೊದಲೇ ಹೆರಿಗೆಯಾಯಿತು. ಸಣ್ಣದಾದರೂ ಗಟ್ಟಿ ದನಿಯ ಹೆಣ್ಣುಕೂಸು.

ಮಂಜವ್ವ ಕಣ್ಣು ಬಿಟ್ಟು ಸುತ್ತ ನೋಡಿದಳು. "ಅತ್ತಿ, ಒಲಿ ಮ್ಯಾಲ ಹಾಲು ಇಟ್ಟಿದ್ದೆ. ಉಕ್ಕಿತೇನ್ರಿ?"

ದುರಗವ್ವ ನಕ್ಕಳು, ಅತ್ತಳು, ಎರಡೂ ಕೂಡಿ ಏದುಸಿರು ಬಂದು ಎದೆ ಹಿಡಿದುಕೊಂಡು ಕುಸಿದಳು. ಡಾಕ್ಟರರು ಆಕೆಯ ಎದೆಗೂ ಕೊಳವೆ ಇಟ್ಟು ಕೇಳಿ, "ಸೊಸಿ ಸಲುವಾಗಿ ಬಂದು ನೀವೂ ಸಿಕ್ಕಬಿದ್ರಿ. ನಿಮ್ಮ ಎದಿ ತಾಳ ತಪ್ಪಿ ಹೊಡಿಯಾಕ ಹತ್ತೈತಿ" ಎಂದರು. ಎದೆಗೆ ಬಲ ಕೊಡುವ ಡಿಜಿಟಾಲಿಸ್ ಗುಳಿಗೆ ಬರೆದುಕೊಟ್ಟರು. ಅದು ಗಿಡದ ಎಲೆಯಿಂದ ಮಾಡಿದ್ದೆಂದು ಕೇಳಿ ದುರಗವ್ವ ಒಪ್ಪಿ ನುಂಗಿದಳು. ಕೆಲವೇ ವಾರಗಳಲ್ಲಿ ಏದುಸಿರು ಇಳಿಯಿತು, ಹೊಳೆಯಿಂದ ಕೊಡ ಹೊತ್ತು ನಿಲ್ಲದೆ ಬರುವಂತಾಯಿತು.

ಅಷ್ಟಕ್ಕೆ ಸುಮ್ಮನಿದ್ದರೆ ಅವಳು ದುರಗವ್ವ ಹೇಗಾದಾಳು? ಸೊಸೆಯ ಜೀವ ಉಳಿಸಿದ ಉಪ್ಪು ಎಲ್ಲರಿಗೂ ಒಳ್ಳೆಯದೇ ಎಂದು ಸಂತೆಯಿಂದ ಜುಲಾಬಿನ ಉಪ್ಪು ತಂದು, ದಿನವೂ ಬೆಳಿಗ್ಗೆ ನೀರಿಗೆ ಹಾಕಿ ತಾನೂ ಕುಡಿದಳು, ಅಂದಪ್ಪನಿಗೂ ಕುಡಿಸಿದಳು. ಅಂದಪ್ಪ ಇಡೀ ದಿನ ತಂಬಿಗೆ ಹಿಡಿದು ಹೊಳೆಯ ಕಡೆಗೆ ಓಡಾಡಿದ್ದು ಊರಿಗೆಲ್ಲ ನಗೆಯಾಯಿತು. ದುರಗವ್ವ ಮಾತ್ರ ಪಟ್ಟು ಬಿಡಲಿಲ್ಲ. ಒಂದು ದಿನ ಊಟಕ್ಕೆ ಕುಳಿತವಳು ಸೊಸೆಗೆ ರೇಗಿದಳು.

"ರೊಟ್ಟಿಗೆ ಅರಿಷಿಣ ಯಾಕ ಹಾಕೀದಿ?"

"ಬಿಳಿ ಜ್ವಾಳದ ರೊಟ್ಟಿರಿ ಅತ್ತಿ, ಬೆಳ್ಳಗs ಅದಾವಲ್ಲ!"

ದುರಗವ್ವನ ಕಣ್ಣಿಗೆ ಗೋಡೆಯೂ ಹಳದಿ, ಮೊಮ್ಮಗಳ ಅಂಗಿಯೂ ಹಳದಿ. ಹೊಟ್ಟೆ ತೊಳಸಿ ವಾಂತಿಯಾಯಿತು. ಈ ಸಲ ಗಾಡಿ ಹತ್ತಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಮಂಜವ್ವ. ವಿರೂಪಾಕ್ಷಪ್ಪನವರು ಎಲ್ಲ ಕೇಳಿ ಹಣೆ ಬಡಿದುಕೊಂಡರು.

"ಯವ್ವಾ, ಸೂಜಿಲೆ ಕೊಟ್ಟದ್ದು ರಕ್ತಕ್ಕ ಹೋಗತೈತಿ, ಬಾಯಿಲೆ ಕುಡದದ್ದು ಕರುಳಿಗೆ. ಎದಿ ಗುಳಗಿ ತಗೊಳ್ಳೋರು ದಿನಾ ಜುಲಾಬು ಮಾಡಿಕೊಂಡ್ರ ಮೈಯಾಗಿನ ಸತ್ವ ಹರದು ಹೋಗಿ, ಅದs ಗುಳಗಿ ವಿಷಾ ಆಗತೈತಿ. ಹಳದಿ ಕಾಣೂದು ಅದಕ್ಕs."

ಗುಳಿಗೆ ಕೆಲದಿನ ನಿಂತಿತು. ದವಾಖಾನೆಯಲ್ಲೇ ಇಟ್ಟುಕೊಂಡು ನೋಡಿದರು, ಎಳನೀರು, ಬಾಳೆಹಣ್ಣು ಕೊಡಿಸಿದರು. ರೊಟ್ಟಿ ಮತ್ತೆ ಬೆಳ್ಳಗಾಯಿತು. "ಹಂಗಾದ್ರ ನಾ ಏನ್ ಮಾಡ್ಲಿ? ಸುಮ್ಮನ ಕುಂಡ್ರಾಕ ನನಗ ಬರೂದಿಲ್ರಿ" ಎಂದಳು ದುರಗವ್ವ.

"ಔಷಧ ಕೊಡೂದು ನನಗ ಬಿಡ್ರಿ. ಬಸರಿ ಹೆಂಗಸರ ಕಾಲು, ಮುಖ ನೋಡೂದು ನೀವು ನೋಡ್ರಿ. ಊತ, ತಲಿಬ್ಯಾನಿ, ಕಣ್ಣಾಗ ಕಿಡಿ, ಇಷ್ಟು ಕಂಡ್ರ ನನ್ನ ಕಡೆ ಕಳಸ್ರಿ."

ಅಂದಿನಿಂದ ದುರಗವ್ವನಿಗೆ ಹೊಸ ಉದ್ಯೋಗ. ಹರಿಗೋಲು ಹತ್ತಿ ಆಚೆ ದಡದ ಊರುಗಳಿಗೂ ಹೋಗುವಳು. ಮೊದಲು ಮದ್ರಾಸಾಗಿದ್ದ ಆ ದಡ ಆಮೇಲೆ ಮೈಸೂರು ಸೀಮೆಯಾಯಿತು. ದುರಗವ್ವನಿಗೆ ಅಲ್ಲಿ ಬದಲಾದದ್ದೇನೂ ಕಾಣಲಿಲ್ಲ, ಬಸುರಿಯರ ಕಾಲು ಅವೇ.

ಕನ್ನಡ ನಾಡೆಲ್ಲ ಒಂದಾದ ದಿನ ಹಮ್ಮಿಗಿಯಲ್ಲಿ ಮೆರವಣಿಗೆ. ಗಾಡಿಗೆ ಬಾಳೆಕಂಬ, ಮಾವಿನ ತೋರಣ ಕಟ್ಟಿ, ತಾಯಿ ಭುವನೇಶ್ವರಿಯ ಪಟ ಇಟ್ಟು ಅಂದಪ್ಪ ಮುಂದೆ ಹೊರಟಿದ್ದ. ನೋಡಲೆಂದು ಆಚೆ ದಡದಿಂದ ಗಂಡನ ಜೊತೆ ಬಂದಿದ್ದ ಬಸುರಿ ಸಾವಕ್ಕ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತದ್ದು ದುರಗವ್ವನ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಕುಣಿ ಬಿತ್ತು, ಮೇಲೇಳಲಿಲ್ಲ.

"ಅಂದಪ್ಪಾ, ಗಾಡಿ ನಿಂದ್ರಸು! ಈಕಿನ್ನ ಮುಂಡರಗಿಗೆ ಒಯ್ಯಬೇಕು."

"ಏನ ಬೇ, ಮೆರವಣಿಗಿ ಅರ್ಧಕ್ಕs ಬಿಡೂದೇನು?"

"ನಾಡು ಒಂದಾತಲ್ಲ, ಇನ್ನೇನು ಓಡಿ ಹೋಗೂದಿಲ್ಲ. ಜಲ್ದಿ ಇಳಸು ಪಟಾ."

ಅಂದಪ್ಪ ಒಂದು ಗಳಿಗೆ ಸಾವಕ್ಕನ ಮುಖ ನೋಡಿದ. ಪಟವನ್ನು ಶಾಲೆಯ ಮಾಸ್ತರರ ಕೈಗೆ ಕೊಟ್ಟು ತಾನೇ ಹಗ್ಗ ಹಿಡಿದ. ತೋರಣ ಕಟ್ಟಿದ ಗಾಡಿ ಹಾಗೆಯೇ ಮುಂಡರಗಿಯ ದಾರಿ ಹಿಡಿಯಿತು. ದಾರಿಯುದ್ದಕ್ಕೂ ಸಿಕ್ಕವರು ಮೆರವಣಿಗೆಯೇ ಬಂತೆಂದು ಜಯಕಾರ ಹಾಕಿದರು. ಸಾವಕ್ಕ ತಲೆನೋವಿನಲ್ಲೂ ನಾಚಿ ಸೆರಗು ಎಳೆದುಕೊಂಡಳು.

"ಸೆಟೆತ ಬರೂ ಮೊದಲs ತಂದೀರಿ, ಭೇಷ್" ಎಂದರು ಡಾಕ್ಟರರು. ನಂಜು ಮಿದುಳಿಗೆ ಏರುವ ಮೊದಲೇ ಸೂಜಿ ತನ್ನ ಕೆಲಸ ಮಾಡಿತು. ಸಾವಕ್ಕ ಗಂಡುಮಗು ಹೆತ್ತು, ತನ್ನ ಕಾಲ ಮೇಲೆಯೇ ನಡೆದು ದವಾಖಾನೆಯಿಂದ ಹೊರಬಂದಳು.

ಹೆಸರಿಡುವ ದಿನ ದುರಗವ್ವ ಎದೆಯ ಗುಳಿಗೆಯನ್ನು ಎಲೆಅಡಿಕೆಯ ಚಂಚಿಯಲ್ಲಿ ಹಾಕಿಕೊಂಡು ಹರಿಗೋಲು ಹತ್ತಿ ಹೋದಳು. ಹೋಳಿಗೆ ಬಡಿಸುವ ಮೊದಲೇ ಓಣಿಯ ಬಸುರಿ ಹೆಂಗಸರು ಕಟ್ಟೆಯುದ್ದಕ್ಕೂ ಕಾಲು ಚಾಚಿ ಕುಳಿತಿದ್ದರು. ಒಬ್ಬೊಬ್ಬರ ಕಾಲು ಒತ್ತುತ್ತ ಬಂದ ದುರಗವ್ವ ಕೊನೆಯಲ್ಲಿ ಕುಳಿತಿದ್ದ ಹಣ್ಣುಹಣ್ಣು ಮುದುಕಿ ಉಡಚವ್ವನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟಳು.

"ನಿನಗೇನ ಬಂದೈತಿ ಬೇ ಈ ವಯಸ್ಸಿನ್ಯಾಗ?"

"ಎಲ್ಲಾರ ಕಾಲೂ ಒತ್ತೀದಿ" ಎಂದಳು ಉಡಚವ್ವ. "ದಿನಾ ನೋಯತಾವ, ನಂದೂ ಒಂದೀಟು ಒತ್ತು."

ದುರಗವ್ವ ನಗುತ್ತ ಅಲ್ಲೇ ಕುಳಿತು, ಎರಡೂ ಕಾಲು ಒತ್ತಿಕೊಟ್ಟಳು.